ಕ್ಯಾಟಲಾಗಿನ ಆರನೇ ಪುಟದಲ್ಲಿ "ತೈವಾನ್" ಎಂದಿದೆ. ತೆಗೆಯಬೇಕೇ?

ಪೀಣ್ಯ ಎರಡನೇ ಹಂತ

ನಮ್ಮದು ಪೀಣ್ಯದಲ್ಲಿರುವ ಸಣ್ಣ ಮೋಟಾರು ಕಾರ್ಖಾನೆ. ಅಪ್ಪ 1991ರಲ್ಲಿ ಶುರು ಮಾಡಿದಾಗ ಅದು ಬರೀ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತಿಕೊಡುತ್ತಿದ್ದರು. ಈಗ ಇಪ್ಪತ್ತೆರಡು ಜನ ಇದ್ದೇವೆ. ಸರಕು ಸಾಗಿಸುವ ಎಲೆಕ್ಟ್ರಿಕ್ ಆಟೊಗಳಿಗೆ ಬಿಎಲ್‌ಡಿಸಿ (ಬ್ರಷ್ ಇಲ್ಲದ) ಮೋಟಾರು ಮಾಡುತ್ತೇವೆ. ರೋಟರಿನಲ್ಲಿ ಕೂರಿಸುವ ಮ್ಯಾಗ್ನೆಟ್ ಚೀನಾದ ನಿಂಗ್ಬೋದಿಂದ ಬರುತ್ತದೆ. ಸ್ಟೇಟರಿಗೆ ತಂತಿ ಸುತ್ತುವ ಯಂತ್ರ ತೈವಾನಿನ ತೈಚುಂಗ್‌ನದು. ಈ ಎರಡು ಊರುಗಳ ನಡುವೆ ಸಿಕ್ಕಿಕೊಂಡು ಇದನ್ನು ಬರೆಯುತ್ತಿದ್ದೇನೆ.

2025ರ ಏಪ್ರಿಲ್ 4ರಂದು ಚೀನಾ ಏಳು ವಿರಳ ಲೋಹಗಳನ್ನು ರಫ್ತು ಪರವಾನಗಿಯ ಕೆಳಗೆ ತಂದಿತು. ಅಮೆರಿಕದ ಸುಂಕಕ್ಕೆ ಅದು ಕೊಟ್ಟ ಉತ್ತರ. ಪೆಟ್ಟು ಬಿದ್ದದ್ದು ಎಲ್ಲರಿಗೂ. ಪಟ್ಟಿಯಲ್ಲಿ ಡಿಸ್‌ಪ್ರೋಸಿಯಂ, ಟರ್ಬಿಯಂ ಇವೆ. ನಮ್ಮ ಮ್ಯಾಗ್ನೆಟ್ಟಿಗೆ ಬೇಕಾದದ್ದು ಚಿಟಿಕೆಯಷ್ಟು, ಆದರೆ ಅದಿಲ್ಲದೆ ಆಗುವುದಿಲ್ಲ. ಅರ್ಧ ಟನ್ ಹೇರಿಕೊಂಡ ಗಾಡಿ ಬೇಸಗೆಯ ಮಧ್ಯಾಹ್ನ ಮೇಲ್ಸೇತುವೆ ಹತ್ತುವಾಗ ಮೋಟಾರಿನ ಒಳಗಿನ ಬಿಸಿ ನೂರು ಡಿಗ್ರಿ ದಾಟುತ್ತದೆ. ಈ ಲೋಹ ಬೆರೆಸದ ಮಾಮೂಲಿ ಮ್ಯಾಗ್ನೆಟ್ ಆ ಬಿಸಿಗೆ ಬಲ ಕಳೆದುಕೊಳ್ಳುತ್ತದೆ. ತಣ್ಣಗಾದ ಮೇಲೂ ಪೂರ್ತಿ ಮರಳುವುದಿಲ್ಲ.

ಅಂದಿನಿಂದ ನಾನು ಮೋಟಾರು ಮಾಡುವುದಕ್ಕಿಂತ ಹೆಚ್ಚು ಕಾಗದ ಮಾಡುತ್ತಿದ್ದೇನೆ. ಈ ಮ್ಯಾಗ್ನೆಟ್ ಯಾವ ಶಸ್ತ್ರಾಸ್ತ್ರಕ್ಕೂ ಹೋಗುವುದಿಲ್ಲ, ಇಂಥ ಗಾಡಿಯ ಇಂಥ ಮೋಟಾರಿಗೇ ಹೋಗುತ್ತದೆ ಎಂದು ಬರೆದುಕೊಡಬೇಕು. ಅದಕ್ಕೆ ದೆಹಲಿಯಲ್ಲಿ ನಮ್ಮ ಸರ್ಕಾರದ ಮುದ್ರೆ, ಚೀನಾ ರಾಯಭಾರ ಕಚೇರಿಯ ಮುದ್ರೆ, ಆಮೇಲೆ ಬೀಜಿಂಗಿನ ವಾಣಿಜ್ಯ ಸಚಿವಾಲಯದ ಒಪ್ಪಿಗೆ. ಹೋದ ವರ್ಷ ಹಾಗೂ ಹೀಗೂ ಎರಡು ಕಂತು ಬಂತು. ಮೂರನೆಯದರ ಕಡತ ಎಲ್ಲೋ ಕೂತಿದೆ.

ಈಗ ವಿಷಯಕ್ಕೆ ಬರುತ್ತೇನೆ. ನಿಂಗ್ಬೋದ ಪೂರೈಕೆದಾರರ ಮಾರಾಟ ವಿಭಾಗದಲ್ಲಿ ಒಬ್ಬ ಹುಡುಗಿ ಇದ್ದಾಳೆ. ಏಳು ವರ್ಷದ ಪರಿಚಯ, ಮುಖ ನೋಡಿಲ್ಲ. ವೀಚಾಟ್ ನಮ್ಮಲ್ಲಿ ನಿಷೇಧ, ವಾಟ್ಸಾಪ್ ಅವರಲ್ಲಿ ನಿಷೇಧ, ಹಾಗಾಗಿ ಎಲ್ಲವೂ ಇಮೇಲಿನಲ್ಲೇ. ದೀಪಾವಳಿಗೆ ತಪ್ಪದೆ ಶುಭಾಶಯ ಕಳುಹಿಸುತ್ತಾಳೆ. ಹದಿನೈದು ದಿನದ ಹಿಂದೆ ಬಂದ ಇಮೇಲಿನಲ್ಲಿ, ಪ್ರಮಾಣಪತ್ರದ ಜೊತೆ ಲಗತ್ತಿಸಿದ್ದ ನಮ್ಮ ಕ್ಯಾಟಲಾಗಿನ ಆರನೇ ಪುಟದ ಬಗ್ಗೆ ಎರಡು ಸಾಲು ಇತ್ತು. ಆ ಪುಟದಲ್ಲಿ "ನಮ್ಮ ಪೂರೈಕೆದಾರ ದೇಶಗಳು" ಎಂಬ ಶೀರ್ಷಿಕೆಯ ಕೆಳಗೆ ಐದು ಬಾವುಟಗಳಿವೆ, ತೈವಾನಿನದೂ ಒಂದು. ತೈವಾನ್ ತನ್ನದೇ ಭಾಗ ಎನ್ನುತ್ತದಲ್ಲ ಚೀನಾ. ಬಾವುಟ ತೆಗೆದು "ಚೀನಾದ ತೈವಾನ್" ಎಂದು ಹಾಕಿದರೆ ಕಡತ ನೋಡುವವರಿಗೆ ಅನುಕೂಲವಾಗಬಹುದು ಎಂದು ಬರೆದಿದ್ದಾಳೆ. ಆಗಬಹುದು, ಅಷ್ಟೇ. ಇಲ್ಲದಿದ್ದರೆ ಮಾಲು ಕೊಡುವುದಿಲ್ಲ ಎಂದು ಎಲ್ಲೂ ಇಲ್ಲ.

ಅಪ್ಪ ಹೇಳುವುದು: "ಒಂದು ಪದಕ್ಕೆ ಇಪ್ಪತ್ತೆರಡು ಜನರ ಸಂಬಳ ಕಟ್ಟಬೇಡ, ಬದಲಿಸಿ ಹಾಕು." ನನಗೆ ಅಡ್ಡ ಬರುತ್ತಿರುವುದು ಒಂದು ನೆನಪು. 2022ರಲ್ಲಿ ಯಂತ್ರ ಕೂರಿಸಲು ತೈಚುಂಗ್‌ನಿಂದ ಬಂದ ಎಂಜಿನಿಯರು ಹನ್ನೊಂದು ದಿನ ಜಾಲಹಳ್ಳಿ ಕ್ರಾಸಿನ ದರ್ಶಿನಿಯಲ್ಲಿ ಇಡ್ಲಿ ತಿಂದುಕೊಂಡು ಕೆಲಸ ಮಾಡಿದರು. ಹೊರಡುವ ದಿನ ಆರನೇ ಪುಟ ತೆರೆದು, ಆ ಬಾವುಟದ ಮೇಲೆ ಬೆರಳಿಟ್ಟು ಫೋಟೋ ತೆಗೆಸಿಕೊಂಡರು. ನಮ್ಮ ದೇಶದ ಬಾವುಟವನ್ನು ಯಾರೂ ಅಚ್ಚು ಹಾಕುವುದಿಲ್ಲ ಎಂದರು. ಯಂತ್ರದ ಸರ್ವಿಸ್‌ಗೆ ಅವರೇ ಮತ್ತೆ ಬರಬೇಕು.

ಇಂಥ ಪತ್ರ ಬೇರೆ ಯಾರಿಗಾದರೂ ಬಂದಿದೆಯೇ? ಏನು ಮಾಡಿದಿರಿ?

ಬಸವನಗುಡಿ ಸ್ವದೇಶಿ

ಚೀನಾದಿಂದ ತರಿಸಿದ್ದೇ ಮೊದಲ ತಪ್ಪು. 2020ರಲ್ಲಿ ಗಲ್ವಾನ್‌ನಲ್ಲಿ ನಮ್ಮ 20 ಯೋಧರು ಸತ್ತ ಮೇಲೂ ಅವರ ಹತ್ತಿರ ವ್ಯಾಪಾರ ಮಾಡುವವರಿಗೆ ಈ ಗತಿ ಬಂದರೆ ಯಾರನ್ನು ದೂರಬೇಕು? ಬಾವುಟ ಇನ್ನೂ ದೊಡ್ಡದಾಗಿ ಹಾಕಿ, ಮ್ಯಾಗ್ನೆಟ್ ಬೇರೆ ಕಡೆಯಿಂದ ತರಿಸಿ. ಇದರಲ್ಲಿ ಕೇಳುವುದಕ್ಕೆ ಏನಿದೆ?

ಪೀಣ್ಯ ಎರಡನೇ ಹಂತ

ಸ್ವಾಮಿ, ಬೇರೆ ಕಡೆ ಎಂದರೆ ಎಲ್ಲಿ? ಜಗತ್ತಿನಲ್ಲಿ ತಯಾರಾಗುವ ಈ ಜಾತಿಯ ಮ್ಯಾಗ್ನೆಟ್ಟುಗಳಲ್ಲಿ ಹತ್ತಕ್ಕೆ ಒಂಬತ್ತು ಚೀನಾದವು. ತಾವು ಈ ಉತ್ತರ ಬರೆದ ಫೋನಿನ ಸ್ಪೀಕರಿನೊಳಗೂ ಒಂದು ಇದೆ. ನಮ್ಮ ಕೇರಳದ ಚವರ ಕಡಲತೀರದ ಮರಳಿನಲ್ಲಿ ವಿರಳ ಲೋಹ ಸಿಗುವ ಮೊನಾಜೈಟ್ ಅದಿರು ಇದೆ, ಸರ್ಕಾರಿ ಕಂಪನಿ 1950ರಿಂದ ಇದೆ, ಆದರೆ ಮರಳಿನಿಂದ ಮ್ಯಾಗ್ನೆಟ್ಟಿನವರೆಗಿನ ದಾರಿಯನ್ನು ನಾವು ಹಾಕಿಕೊಳ್ಳಲೇ ಇಲ್ಲ. 2025ರ ನವೆಂಬರಿನಲ್ಲಿ ಕೇಂದ್ರ ಸಂಪುಟ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ, ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ಇಲ್ಲೇ ಮಾಡುವ ಗುರಿ. ಸಂತೋಷ. ಆ ಕಾರ್ಖಾನೆಗಳು ಎದ್ದು ನಿಲ್ಲುವವರೆಗೆ ನನ್ನ 400 ಕಿಲೋ ಎಲ್ಲಿಂದ ತರಲಿ, ಅದನ್ನೂ ಹೇಳಿ.

ವೈಟ್‌ಫೀಲ್ಡ್ ಡಿಪೋ (ನಿವೃತ್ತ)

ನಾನು 34 ವರ್ಷ ಕಸ್ಟಮ್ಸ್ ಕ್ಲಿಯರಿಂಗ್ ಏಜೆಂಟ್ ಆಗಿದ್ದವನು. ಅರ್ಧ ಆಯುಷ್ಯ ವೈಟ್‌ಫೀಲ್ಡಿನ ಕಂಟೈನರ್ ಡಿಪೋದ ಕಾಂಪೌಂಡಿನಲ್ಲಿ, ಇನ್ನರ್ಧ ಚೆನ್ನೈ ಬಂದರಿಗೆ ಫೋನು ಹಚ್ಚುವುದರಲ್ಲಿ ಹೋಯಿತು. ನಿಮ್ಮ ಪ್ರಶ್ನೆ ಓದಿ ಕಾಫಿ ಆರಿಹೋಯಿತು.

ಮೊದಲು ಸರಳವಾದದ್ದು. ಬೆಂಗಳೂರಿನಲ್ಲಿ ಅಚ್ಚಾದ ಕ್ಯಾಟಲಾಗಿನಲ್ಲಿ ಯಾವ ಬಾವುಟ ಇರಬೇಕೆಂದು ಹೇಳುವ ಚೀನಾ ಕಾನೂನು ನಿಮ್ಮನ್ನು ಕಟ್ಟುವುದಿಲ್ಲ. ಇದು ನಿಮಗೂ ಗೊತ್ತು, ಆ ಹುಡುಗಿಗೂ ಗೊತ್ತು. ಆದ್ದರಿಂದಲೇ "ಆಗಬಹುದು" ಎಂದು ಬರೆದಿದ್ದಾಳೆ.

ಚೀನಾದ ಜೊತೆ ಜಗಳ ಬಿದ್ದಾಗ ಸರಕು ನಿಲ್ಲುವುದು ಯಾವಾಗಲೂ ಬೇರೆ ಹೆಸರಿನಲ್ಲಿ. 2017ರಲ್ಲಿ ದಕ್ಷಿಣ ಕೊರಿಯಾ ಅಮೆರಿಕದ ಥಾಡ್ ಕ್ಷಿಪಣಿ ತಡೆ ವ್ಯವಸ್ಥೆಗೆ ಜಾಗ ಕೊಟ್ಟಿತು. ಆ ಜಾಗ ಲೊಟ್ಟೆ ಕಂಪನಿಯ ಗಾಲ್ಫ್ ಮೈದಾನವಾಗಿತ್ತು. ಕೂಡಲೇ ಚೀನಾದಲ್ಲಿದ್ದ ಲೊಟ್ಟೆ ಅಂಗಡಿಗಳಲ್ಲಿ ಒಂದರ ಹಿಂದೆ ಒಂದರಂತೆ ಅಗ್ನಿಸುರಕ್ಷತೆಯ ದೋಷ ಕಂಡುಬಂದು ಬೀಗ ಬಿತ್ತು. ವರ್ಷಗಟ್ಟಲೆ ಕಾಣದ ದೋಷ! ಮರುವರ್ಷ ಅವರು ಅಂಗಡಿಗಳನ್ನು ಮಾರಿಕೊಂಡು ಹೊರಟರು. 2021ರ ಮಾರ್ಚಿನಲ್ಲಿ ತೈವಾನಿನ ಅನಾನಸ್ಸಿನಲ್ಲಿ ಹುಳು ಸಿಕ್ಕಿತೆಂದು ಚೀನಾ ಅದರ ಆಮದು ನಿಲ್ಲಿಸಿತು. ರಾಜಕೀಯ ಕೆಟ್ಟಾಗಲೇ ಹಣ್ಣಿಗೆ ಹುಳು ಬೀಳುವುದನ್ನು ನಾನು ಕಂಡದ್ದು ಇವರಲ್ಲೇ.

ಇನ್ನೊಂದು ಸಂಗತಿ ನಮ್ಮವರದು, ಇಲ್ಲಿ ಎಷ್ಟು ಜನರಿಗೆ ನೆನಪಿದೆಯೋ ಕಾಣೆ. 2020ರಲ್ಲಿ ಆಸ್ಟ್ರೇಲಿಯಾ ಕೋವಿಡ್‌ನ ಮೂಲದ ಬಗ್ಗೆ ಸ್ವತಂತ್ರ ತನಿಖೆ ಆಗಲಿ ಎಂದಿತು. ಚೀನಾದಲ್ಲಿ ಅದರ ಬಾರ್ಲಿಗೆ ಶೇ 80.5 ಸುಂಕ ಬಿತ್ತು, ವೈನಿಗೆ ಶೇ 200 ದಾಟಿತು, ಕಲ್ಲಿದ್ದಲು ಬಂದರಿನಲ್ಲೇ ನಿಂತಿತು. ಆ ಕಲ್ಲಿದ್ದಲು ಹೊತ್ತು ಹೋಗಿದ್ದ ಜಗ್ ಆನಂದ್ ಹಡಗಿನಲ್ಲಿ 23 ಜನ, ಅನಸ್ತಾಸಿಯಾದಲ್ಲಿ 16 ಜನ, ಒಟ್ಟು 39 ಭಾರತೀಯ ನಾವಿಕರು ಸಿಕ್ಕಿಬಿದ್ದರು. ಜಗ್ ಆನಂದ್ ಜೂನ್‌ನಿಂದ ಜನವರಿಯವರೆಗೆ ಜಿಂಗ್‌ಟಾಂಗ್ ಬಂದರಿನ ಹೊರಗೆ ಲಂಗರು ಹಾಕಿತ್ತು. ಇಳಿಸಿಕೊಳ್ಳಲೂ ಇಲ್ಲ, ಇಳಿಯಲು ಬಿಡಲೂ ಇಲ್ಲ. ಕಾರಣ ಕೇಳಿದರೆ ಕೋವಿಡ್ ನಿಯಮ. ದಡ ಕಾಣುತ್ತಿದೆ, ಆಸ್ಟ್ರೇಲಿಯಾಕ್ಕೂ ಚೀನಾಕ್ಕೂ ಆದ ಮಾತಿಗೆ ನಮ್ಮ ಹುಡುಗರು ಡೆಕ್ಕಿನ ಮೇಲೆ ಏಳು ತಿಂಗಳು. ಆಗ ಪತ್ರಿಕೆ ತೆರೆದಾಗೆಲ್ಲ ಹೊಟ್ಟೆ ಉರಿಯುತ್ತಿತ್ತು. ಅದೇ ಹೊತ್ತಿನಲ್ಲಿ ಆಸ್ಟ್ರೇಲಿಯಾದ ಕಬ್ಬಿಣದ ಅದಿರಿಗೆ ಮಾತ್ರ ಒಂದು ಗೀರೂ ಬೀಳಲಿಲ್ಲ ಎಂಬುದನ್ನು ಗಮನಿಸಿ. ಅದು ಅವರ ಉಕ್ಕಿನ ಕುಲುಮೆಗೆ ಬೇಕಿತ್ತು.

ಇನ್ನು ಒಂದು ಪದದ ವಿಚಾರ. ಲಿಥುವೇನಿಯಾ ಎಂಬ ಪುಟ್ಟ ದೇಶ, ಜನಸಂಖ್ಯೆ ನಮ್ಮ ಬೆಂಗಳೂರಿನ ಕಾಲುಭಾಗವೂ ಇಲ್ಲ. 2021ರ ನವೆಂಬರಿನಲ್ಲಿ ಅಲ್ಲಿ ತೈವಾನ್ ಒಂದು ಕಚೇರಿ ತೆರೆಯಿತು. ಬೇರೆ ಬಹುತೇಕ ದೇಶಗಳಲ್ಲಿ ಅದಕ್ಕೆ ರಾಜಧಾನಿಯ ಹೆಸರು, "ತೈಪೆ" ಎಂದಿರುತ್ತದೆ. ಇಲ್ಲಿ "ತೈವಾನ್" ಎಂದು ಬೋರ್ಡು ಹಾಕಿದರು. ಡಿಸೆಂಬರಿನಲ್ಲಿ ಚೀನಾದ ಕಸ್ಟಮ್ಸ್ ಕಂಪ್ಯೂಟರಿನ ದೇಶಗಳ ಪಟ್ಟಿಯಿಂದ ಲಿಥುವೇನಿಯಾದ ಹೆಸರೇ ಮಾಯ. ನನ್ನ ವೃತ್ತಿಯವರಿಗೆ ಇದರ ಅರ್ಥ ಗೊತ್ತು: ಮೂಲದೇಶದ ಕಲಮು ತುಂಬಲಾಗದಿದ್ದರೆ ಕಾಗದವೇ ಹುಟ್ಟುವುದಿಲ್ಲ. ನಿಷೇಧಿಸಿದ್ದಾರೆಯೇ ಎಂದರೆ ಇಲ್ಲ. ಆಮೇಲೆ ಜರ್ಮನಿಯ ಕಂಪನಿಗಳಿಗೂ ಬಿಸಿ ತಟ್ಟಿತು. ನಿಮ್ಮ ಮಾಲಿನಲ್ಲಿ ಲಿಥುವೇನಿಯಾದ ಬಿಡಿಭಾಗ ಇದ್ದರೆ ಅದೂ ಬೇಡ ಎಂದು. ಕೊಳ್ಳುವವರಿಲ್ಲದೆ ಉಳಿದ ಲಿಥುವೇನಿಯಾದ ಸುಮಾರು 20,000 ಬಾಟಲಿ ರಮ್ಮನ್ನು ತೈವಾನಿನವರು ಕೊಂಡರು. ಸ್ನೇಹ ಎಂದರೆ ಹಾಗಿರಬೇಕು ಎಂದು ನಮ್ಮ ಡಿಪೋದಲ್ಲಿ ನಗಾಡಿದ್ದೆವು. ಐರೋಪ್ಯ ಒಕ್ಕೂಟ ಇಂಥ ಒತ್ತಡದ ವಿರುದ್ಧ ಒಂದು ಕಾನೂನನ್ನೇ ಮಾಡಿತು, 2023ರ ಡಿಸೆಂಬರಿನಲ್ಲಿ ಜಾರಿಗೆ ಬಂತು.

ನಿಮಗೆ ಒಕ್ಕೂಟವೂ ಇಲ್ಲ, ರಮ್ ಕೊಳ್ಳುವವರೂ ಇಲ್ಲ. ಆದರೂ ಬದಲಿಸಬೇಡಿ ಎನ್ನುತ್ತೇನೆ. ದೇಶಭಕ್ತಿಗಾಗಿ ಅಲ್ಲ. 2018ರ ಜನವರಿಯಲ್ಲಿ ಮ್ಯಾರಿಯಟ್ ಹೋಟೆಲಿನವರು ಒಂದು ಸಮೀಕ್ಷೆಯಲ್ಲಿ ಟಿಬೆಟ್, ಹಾಂಗ್‌ಕಾಂಗ್, ಮಕಾವು, ತೈವಾನ್‌ಗಳನ್ನು ಬೇರೆ ಬೇರೆ ದೇಶಗಳಂತೆ ಪಟ್ಟಿ ಮಾಡಿದ್ದರು. ಚೀನಾದಲ್ಲಿ ಅವರ ವೆಬ್‌ಸೈಟು ಒಂದು ವಾರ ಬಂದ್. ಕ್ಷಮೆ ಕೇಳಿದರು. ಆಮೇಲೆ ಟಿಬೆಟ್ ಪರವಾದ ಒಂದು ಟ್ವೀಟಿಗೆ ಮೆಚ್ಚುಗೆ ಒತ್ತಿದ ತಮ್ಮ ಅಮೆರಿಕದ ನೌಕರನನ್ನು ಕೆಲಸದಿಂದಲೂ ತೆಗೆದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಒಮ್ಮೆ ಮುಟ್ಟಿಕೊಂಡವನು ಪ್ರತಿ ಸಲವೂ ಮುಟ್ಟಿಕೊಳ್ಳುತ್ತಿರಬೇಕು. ಈ ಸಲ ಆರನೇ ಪುಟ. ಮುಂದಿನ ಸಲ ತೈಚುಂಗ್‌ನ ಯಂತ್ರ ಏಕೆ ಎಂದು ಕೇಳಿದರೆ?

ಪ್ರಮಾಣಪತ್ರದ ಕಡತಕ್ಕೆ ಕ್ಯಾಟಲಾಗನ್ನು ಲಗತ್ತಿಸಿದ್ದೇ ನಿಮ್ಮ ಎಡವಟ್ಟು. ಕೇಳದ ಕಾಗದ ಕೊಡಬಾರದು, ಇದು ಯಾವ ದೇಶದ ಕಸ್ಟಮ್ಸಿಗೂ ಅನ್ವಯಿಸುತ್ತದೆ. ಮುಂದಿನ ಇಮೇಲಿನಲ್ಲಿ ಮೋಟಾರಿನ ನಕಾಶೆ, ಗಾಡಿಯ ಫೋಟೋ, ಕೊಳ್ಳುವವರ ಪತ್ರ ಇವಿಷ್ಟೇ ಕಳುಹಿಸಿ. ಬಾವುಟದ ಎರಡು ಸಾಲಿಗೆ ಉತ್ತರ ಬರೆಯಲೇ ಬೇಡಿ.

ಬೊಮ್ಮಸಂದ್ರ ಪ್ರಯಾಣಿಕಳು

ಹಿರಿಯರು ಹೇಳಿದ್ದು ಸರಿ, ಆದರೆ ಚೀನಾ ಕೇಳಿದರೆ ಬಗ್ಗುವವರು ಖಾಸಗಿಯವರಷ್ಟೇ ಅಲ್ಲ. 2018ರಲ್ಲಿ ಚೀನಾದ ವಿಮಾನಯಾನ ಇಲಾಖೆ ತೈವಾನನ್ನು ಬೇರೆ ದೇಶವೆಂದು ತೋರಿಸಬೇಡಿ ಎಂದು ಹತ್ತಾರು ವಿದೇಶಿ ವಿಮಾನ ಸಂಸ್ಥೆಗಳಿಗೆ ಪತ್ರ ಬರೆದಾಗ, ಆಗಿನ್ನೂ ಸರ್ಕಾರದ್ದೇ ಆಗಿದ್ದ ಏರ್ ಇಂಡಿಯಾ ತನ್ನ ವೆಬ್‌ಸೈಟಿನಲ್ಲಿ "ಚೈನೀಸ್ ತೈಪೆ" ಎಂದು ಬದಲಿಸಿಕೊಂಡಿತು. ಒಂದು ದೇಶದ ಸರ್ಕಾರಿ ಸಂಸ್ಥೆಯೇ ಹಾಗೆ ಮಾಡಿರುವಾಗ ಇಪ್ಪತ್ತೆರಡು ಜನರ ಕಾರ್ಖಾನೆಗೆ ವೀರಾವೇಶದ ಪಾಠ ಹೇಳುವುದು ಸುಲಭ.

ನಾನು ವೆಬ್‌ಸೈಟು ಮಾಡುವ ಕೆಲಸದವಳು. ನನ್ನ ಸಲಹೆ: ಬಾವುಟಗಳನ್ನೆಲ್ಲ ತೆಗೆಯಿರಿ, "ದೇಶಗಳು" ಎಂಬ ಶೀರ್ಷಿಕೆಯನ್ನೂ ತೆಗೆಯಿರಿ. ಊರುಗಳ ಹೆಸರು ಹಾಕಿ: ನಿಂಗ್ಬೋ, ತೈಚುಂಗ್, ಪುಣೆ, ಕೊಯಮತ್ತೂರು. ಅಮೆರಿಕದ ವಿಮಾನ ಸಂಸ್ಥೆಗಳೂ ಆಗ ದೇಶದ ಹೆಸರು ಬಿಟ್ಟು "ತೈಪೆ" ಎಂದಷ್ಟೇ ಉಳಿಸಿದ್ದವು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಇನ್ನೊಂದು ಮಾತು, ಬಸವನಗುಡಿಯವರಿಗೆ. ವ್ಯಾಪಾರವನ್ನು ಆಯುಧ ಮಾಡಿಕೊಳ್ಳುವುದು ಅವರೊಬ್ಬರೇ ಅಲ್ಲ. 2020ರ ಏಪ್ರಿಲ್‌ನಲ್ಲಿ ನೆರೆದೇಶಗಳ ಹೂಡಿಕೆಗೆ ನಮ್ಮ ಸರ್ಕಾರ ನಿರ್ಬಂಧ ಹಾಕಿತು, ಜೂನ್‌ನಲ್ಲಿ ಚೀನಾದ 59 ಆ್ಯಪ್‌ಗಳನ್ನು ನಿಷೇಧಿಸಿತು. ಕಾರಣ ಇತ್ತು, ಒಪ್ಪುತ್ತೇನೆ. ಆದರೆ ನಮ್ಮ ಮೆಟ್ರೊ ಹಳದಿ ಮಾರ್ಗದ ಬೋಗಿಗಳ ಗುತ್ತಿಗೆ ಚೀನಾದ ಕಂಪನಿಯದಾಗಿತ್ತು. ಆ ನಿಯಮ, ಆ ಎಂಜಿನಿಯರುಗಳ ವೀಸಾ ಎಂದು ಹಳಿ ಸಿದ್ಧವಾದರೂ ರೈಲು ಬರಲಿಲ್ಲ. 2025ರ ಆಗಸ್ಟ್ 10ರಂದು ಕೊನೆಗೂ ಉದ್ಘಾಟನೆಯಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಅಷ್ಟೂ ವರ್ಷ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬಸ್ಸಿನ ಕಂಬ ಹಿಡಿದು ನಿಂತವರು ನನ್ನಂಥವರು.

ವೈಟ್‌ಫೀಲ್ಡ್ ಡಿಪೋ (ನಿವೃತ್ತ)

ತಾಯಿ, ಸಿಲ್ಕ್ ಬೋರ್ಡಿನ ವಿಷಯದಲ್ಲಿ ನಿಮಗೆ ನನ್ನ ಪೂರ್ಣ ಸಹಾನುಭೂತಿ. ಊರಿನ ಹೆಸರಿನ ಉಪಾಯಕ್ಕೆ ಮಾತ್ರ ಒಂದು ತಕರಾರು. ಅಮೆರಿಕದ ಸಂಸ್ಥೆಗಳು ಹಾಗೆ ಮಾಡಿದಾಗ ಚೀನಾದ ಇಲಾಖೆ "ತಿದ್ದುಪಡಿ ಪೂರ್ತಿಯಾಗಿಲ್ಲ" ಎಂದಿತು. ಅರ್ಧ ಬಗ್ಗಿದವನ ಬೆನ್ನು ಇನ್ನೂ ಬಗ್ಗುತ್ತದೆ ಎಂದು ಎದುರಿನವನಿಗೆ ಗೊತ್ತಾಗುತ್ತದೆ. ಏರ್ ಇಂಡಿಯಾದ ವಿಷಯ ಮರೆತಿದ್ದೆ, ಒಪ್ಪಿದೆ.

ದೊಡ್ಡಬಳ್ಳಾಪುರ ದ್ರಾಕ್ಷಿ

ಮೋಟಾರು ನನಗೆ ಗೊತ್ತಿಲ್ಲ, ಗೊಬ್ಬರ ಗೊತ್ತು. ಹನಿ ನೀರಾವರಿಯಲ್ಲಿ ಬಿಡುವ ನೀರಿನಲ್ಲಿ ಕರಗುವ ಗೊಬ್ಬರದಲ್ಲಿ ಬಹುಪಾಲು ಚೀನಾದಿಂದ ಬರುತ್ತದೆ. 2025ರ ಮಧ್ಯದಲ್ಲಿ ಬರುವುದು ನಿಂತಿತು. ನಿಷೇಧ ಎಂದು ಯಾರೂ ಹೇಳಲಿಲ್ಲ. ಭಾರತಕ್ಕೆ ಹೊರಟ ಲೋಡಿನ ತಪಾಸಣೆಗೆ ಅಲ್ಲಿನ ಅಧಿಕಾರಿ ಬರುತ್ತಿರಲಿಲ್ಲ, ಅಷ್ಟೇ. ನಾನು ದುಬಾರಿ ಬೆಲೆಗೆ ಹನ್ನೆರಡು ಚೀಲ ಕೊಂಡು ಉಳಿದದ್ದಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿದೆ. ಆಗಸ್ಟಿನಲ್ಲಿ ಅವರ ವಿದೇಶಾಂಗ ಸಚಿವ ವಾಂಗ್ ಯಿ ದೆಹಲಿಗೆ ಬಂದು, ಗೊಬ್ಬರ, ವಿರಳ ಲೋಹ, ಸುರಂಗ ಕೊರೆಯುವ ಯಂತ್ರ ಮೂರನ್ನೂ ನೋಡಿಕೊಳ್ಳುತ್ತೇವೆ ಎಂದು ಹೋದರು. ಕೊರೆಯುವ ಯಂತ್ರವೂ ನಿಂತಿತ್ತು ಎಂಬುದು ನನಗೆ ಆಗಲೇ ತಿಳಿದದ್ದು! ಪೀಣ್ಯದವರೇ, ಬಾವುಟ ಇಲ್ಲದ ನನ್ನ ತೋಟಕ್ಕೂ ಗೊಬ್ಬರ ನಿಂತಿತ್ತು. ನಿಮ್ಮ ಕಡತ ಕೂತಿರುವುದು ಆ ಪದಕ್ಕೇ ಎಂದು ಹೇಗೆ ಹೇಳುತ್ತೀರಿ?

ಪೀಣ್ಯ ಎರಡನೇ ಹಂತ

ದ್ರಾಕ್ಷಿಯವರ ಪ್ರಶ್ನೆ ಎರಡು ರಾತ್ರಿ ನಿದ್ದೆ ಕೆಡಿಸಿತು. ನಿಜ, ಹೇಳಲು ಸಾಧ್ಯವೇ ಇಲ್ಲ.

ವೈಟ್‌ಫೀಲ್ಡಿನವರು ಹೇಳಿದಂತೆ ನಕಾಶೆ, ಫೋಟೋ, ಪತ್ರ ಮಾತ್ರ ಕಳುಹಿಸಿದೆ. ಬಾವುಟದ ಸುದ್ದಿ ಎತ್ತಲಿಲ್ಲ. ಮರುದಿನವೇ ಉತ್ತರ ಬಂತು: ಪತ್ರದಲ್ಲಿ ಗಾಡಿಯ ಮಾದರಿ ಸಂಖ್ಯೆ ಬಿಟ್ಟುಹೋಗಿದೆ, ಸೇರಿಸಿ ಕಳುಹಿಸಿ ಎಂದು. ಆರನೇ ಪುಟದ ಬಗ್ಗೆ ಅವಳೂ ಏನೂ ಬರೆದಿಲ್ಲ. ಮೇಲಿನವರು ಹೇಳಿಸಿದ್ದೋ, ತನ್ನ ತಲೆಗೆ ಬರಬಾರದೆಂದು ತಾನೇ ಮುಂದಾಲೋಚಿಸಿ ಬರೆದಿದ್ದೋ ತಿಳಿಯದು. ಎರಡನೆಯದೇ ಇರಬೇಕು ಎಂದು ಈಗ ಅನ್ನಿಸುತ್ತಿದೆ. ಅವಳಿಗೂ ಮೇಲೊಬ್ಬ ಅಪ್ಪ ಇರುತ್ತಾನಲ್ಲ. ಪರವಾನಗಿ ಇನ್ನೂ ಬಂದಿಲ್ಲ.

ಫೆರೈಟ್ ಮ್ಯಾಗ್ನೆಟ್ಟಿನ ರೋಟರ್ ಒಂದನ್ನು ಮಾಡಲು ಕೂತಿದ್ದೇವೆ. ವಿರಳ ಲೋಹವೇ ಬೇಡ, ಬಿಸಿಗೂ ಹೆದರುವುದಿಲ್ಲ, ಆದರೆ ಬಲ ಕಡಿಮೆ. ಅಷ್ಟೇ ಎಳೆತಕ್ಕೆ ಮೋಟಾರು ನಾಲ್ಕು ಕಿಲೋ ದಪ್ಪವಾಗುತ್ತಿದೆ. ಗಾಡಿಯವರು ಒಪ್ಪಿದರೆ ಉಳಿಯುತ್ತೇವೆ. ಜಪಾನಿನವರು 2010ರಲ್ಲಿ ಇದೇ ಪೆಟ್ಟು ತಿಂದವರು. ದೋಣಿಯೊಂದರ ಜಗಳಕ್ಕೆ ವಿರಳ ಲೋಹ ನಿಂತಿತ್ತು. ಆಸ್ಟ್ರೇಲಿಯಾದ ಗಣಿಗೆ ದುಡ್ಡು ಹಾಕಿ, ಹದಿನೈದು ವರ್ಷ ಬೆವರು ಸುರಿಸಿ, ಚೀನಾದ ಮೇಲಿನ ಅವಲಂಬನೆಯನ್ನು ಶೇ 90ರಿಂದ ಶೇ 60ರ ಸುಮಾರಿಗೆ ಇಳಿಸಿದ್ದಾರಂತೆ. ನನ್ನ ಹತ್ತಿರ ಹದಿನೈದು ವರ್ಷ ಇಲ್ಲ, ಬ್ಯಾಂಕಿನವರು ಕೊಟ್ಟ ಜೂನ್‌ವರೆಗಿನ ಗಡುವು ಇದೆ.

ಅಪ್ಪ ಮೊನ್ನೆ ಕಾರ್ಖಾನೆಗೆ ಬಂದು, ಇಷ್ಟೆಲ್ಲ ಗಲಾಟೆ ಮಾಡಿದ ಪುಸ್ತಕ ಕೊಡು ನೋಡೋಣ ಎಂದು ಕ್ಯಾಟಲಾಗು ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದಿದರು. ಕೊನೆಯ ಪುಟದಲ್ಲಿ ನಮ್ಮ ಪಿನ್‌ಕೋಡ್ ತಪ್ಪಾಗಿ ಅಚ್ಚಾಗಿದೆ. ನಾಲ್ಕು ವರ್ಷದಿಂದ ಹಾಗೇ ಇದೆ. ಇದನ್ನು ಪುಟ ಬಿಡದೆ ಓದಿದವಳು ನಿಂಗ್ಬೋದ ಆ ಹುಡುಗಿ ಒಬ್ಬಳೇ ಇರಬೇಕು, ಅವಳಿಗೂ ಪಿನ್‌ಕೋಡ್ ಗೊತ್ತಾಗಲಿಲ್ಲ. ತಿದ್ದಿ ಮತ್ತೆ ಅಚ್ಚಿಗೆ ಕಳುಹಿಸಿದ್ದೇನೆ. ಆರನೇ ಪುಟ ಇದ್ದ ಹಾಗೇ ಇದೆ.